ಹಳೇ ಡಬ್ಬಿಗೆ ರೀಲು ತುಂಬಿ ಹೊಸ ಕ್ಯಾಮೆರಾ ಅಂತ ಮಾರುತ್ತಾರೆ, ನೋಡಿ ತಗೊಳ್ಳಿ

ಮದುವೆ, ಮುಂಜಿ, ಹುಟ್ಟುಹಬ್ಬಕ್ಕೆ ಡಿಸ್ಪೋಸಬಲ್ ಫಿಲ್ಮ್ ಕ್ಯಾಮೆರಾ, ಅಂದರೆ ಒಂದೇ ರೀಲಿಗೆ ಬಳಸಿ ಬಿಡುವ ಕ್ಯಾಮೆರಾ, ತರಿಸುವ ಯೋಚನೆ ಇದ್ದರೆ, ಮೊದಲು ಇದನ್ನು ಓದಿ. ಮುಂಬೈ, ಪುಣೆ ಕಡೆಯ ನಮ್ಮವರು ಮುಖ್ಯವಾಗಿ ಓದಿ. ಒಮ್ಮೆ ಬಳಸಿ ಬಿಟ್ಟ ಡಬ್ಬಿಗೆ ಮತ್ತೆ ರೀಲು ತುಂಬಿ, ಮೇಲೆ ಸ್ಟಿಕ್ಕರ್ ಸುತ್ತಿ, ಹೊಸದರ ಬೆಲೆಗೆ ಮಾರುವವರಿದ್ದಾರೆ. ನಮ್ಮ ಮನೆಗೆ ಬಂದದ್ದು ಅಂಥವೇ.

ಡೊಂಬಿವಲಿಯಲ್ಲಿ ನಮ್ಮ ಅಜ್ಜಿಯ ಸಹಸ್ರಚಂದ್ರ ದರ್ಶನ ಇತ್ತು. ಧಾರವಾಡ, ಶಿರಸಿಯಿಂದೆಲ್ಲ ನೆಂಟರು ಬಂದಿದ್ದರು. ಮೊಬೈಲಿನ ಫೋಟೊ ಅಜ್ಜಿಗೆ ಸರಿಯಾಗಿ ಕಾಣಿಸುವುದಿಲ್ಲ. ಕೈಯಲ್ಲಿ ಹಿಡಿದು ನೋಡುವಂಥ ಆಲ್ಬಮ್ ಮಾಡಿಸಬೇಕು ಅಂತ ಅಕ್ಕ ಆಸೆಪಟ್ಟಳು. ಆನ್‌ಲೈನ್‌ನಲ್ಲಿ ಮಾರುವ ಒಬ್ಬರ ಹತ್ತಿರ ಕ್ಯಾಮೆರಾ ತರಿಸಿದಳು. ಊಟದ ಸಾಲಿನ ಹತ್ತಿರ ಒಂದು, ಪೂಜೆಯ ಕಡೆ ಒಂದು, ಮಕ್ಕಳ ಕೈಗೆ ಒಂದೆರಡು ಅಂತ ಹಂಚಿದಳು. ಎಲ್ಲರೂ ಖುಷಿಯಿಂದ ಕ್ಲಿಕ್ಕಿಸಿದರು.

ಫ್ಲ್ಯಾಷ್ ಮಾತ್ರ ಕೈ ಕೊಡುತ್ತಲೇ ಇತ್ತು. ಬಟನ್ ಒತ್ತಿದರೂ ಕೆಂಪು ದೀಪ ಹತ್ತುತ್ತಿರಲಿಲ್ಲ. ಮಾರಿದವರು ರೀಲು ಬದಲಿಸಿದ್ದರು, ಒಳಗಿನ ಸೆಲ್ಲು ಹಳೇದನ್ನೇ ಬಿಟ್ಟಿದ್ದರು. ಇದು ಸಣ್ಣ ವಿಷಯ ಅಲ್ಲ. ಈ ಕ್ಯಾಮೆರಾಗಳಲ್ಲಿ ಎಲ್ಲವೂ ಫಿಕ್ಸ್. ಬೆಳಕು ಒಳಬಿಡುವ ಕಿಂಡಿ, ಅಂದರೆ ಅಪರ್ಚರ್, ಸುಮಾರು ಎಫ್/10ರಷ್ಟು ಚಿಕ್ಕದು; ಶಟರ್ ವೇಗ, ಅಂದರೆ ರೀಲಿಗೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸು. ಬಿಸಿಲಿಗೆ ಇದು ಸಾಕು. ಹಾಲ್ ಒಳಗೆ ಫ್ಲ್ಯಾಷ್ ಇಲ್ಲದೆ ತೆಗೆದರೆ ಬರುವುದು ಕತ್ತಲೆ. ಅಜ್ಜಿಗೆ ಆರತಿ ಎತ್ತಿದ ಹೊತ್ತಿನ ಫೋಟೊಗಳೆಲ್ಲ ಹಾಗೇ ಹೋದವು.

ರೀಲು ತೊಳೆಸಲು ಮುಂಬೈನ ಒಂದು ಲ್ಯಾಬ್‌ಗೆ ಕೊಟ್ಟೆವು. ಅಲ್ಲಿಯವರು ಒಳ್ಳೆಯವರು, ಮೆಷಿನ್‌ಗೆ ಹಾಕುವ ಮೊದಲು ಪರೀಕ್ಷೆ ಮಾಡಿದರು. ಒಳಗಿದ್ದ ರೀಲಿನ ಡಬ್ಬಿಗಳ ಮೇಲೆ ಯಾವ ಕಂಪನಿಯ ಹೆಸರೂ ಇರಲಿಲ್ಲ. ಕೆಲವು ರೀಲುಗಳ ಬೆನ್ನಿಗೆ ಕಪ್ಪು ಪದರ ಇತ್ತು. ಅಡುಗೆ ಸೋಡಾ ಕದಡಿದ ನೀರು ಹಚ್ಚಿ ತುದಿಯನ್ನು ಉಜ್ಜಿದರೆ ಕಾಡಿಗೆಯ ಹಾಗೆ ಬೆರಳಿಗೆ ಹತ್ತಿತು. ಅದು ರೆಮ್‌ಜೆಟ್ ಎಂಬ ಕಾರ್ಬನ್ ಪದರವಂತೆ, ಸಿನಿಮಾ ಶೂಟಿಂಗ್‌ನ ಎಷ್ಟೋ ರೀಲುಗಳಲ್ಲಿ ಇರುವಂಥದ್ದು. ಅದನ್ನು ತೊಳೆಯುವ ಕ್ರಮವೇ ಬೇರೆ, ಇಸಿಎನ್-2 ಅನ್ನುತ್ತಾರೆ. ನಾವೆಲ್ಲ ಕೊಡುವ ಸಾಮಾನ್ಯ ಕಲರ್ ರೀಲಿಗೆ ಸಿ-41. ಕಪ್ಪು ಪದರದ ರೀಲು ಸಿ-41 ಮೆಷಿನ್‌ಗೆ ಹೋದರೆ ಆ ಮಸಿ ಬಿಟ್ಟುಕೊಂಡು ಕೆಮಿಕಲ್ ಎಲ್ಲ ಹಾಳು. ಅದೇ ಹೊತ್ತಿಗೆ ಒಳಗಿರುವ ಬೇರೆಯವರ ರೀಲೂ ಹಾಳು. ಯಾರದೋ ಮದುವೆ, ಯಾರದೋ ಮಗುವಿನ ನಾಮಕರಣ ನಮ್ಮ ರೀಲಿನಿಂದ ಕೆಡುತ್ತಿತ್ತು! ಮಾರಿದವರು ಈ ವಿಷಯ ಒಂದು ಮಾತೂ ಹೇಳಿರಲಿಲ್ಲ. ನನಗೆ ಅತಿ ಸಿಟ್ಟು ಬಂದದ್ದು ಇಲ್ಲೇ.

ಉಳಿದವು ಅವಧಿ ಮುಗಿದ ರೀಲುಗಳು. ಜೊತೆಗೆ ಡಬ್ಬಿಯ ಸಂದಿಗೆ ಹಾಕಿದ್ದ ಕಪ್ಪು ಟೇಪು ಸಡಿಲವಾಗಿ ಬೆಳಕು ಒಳಗೆ ಹೋಗಿತ್ತು. ಫೋಟೊ ಅಡ್ಡಕ್ಕೆ ಕಿತ್ತಳೆ ಪಟ್ಟೆಗಳು, ಉದ್ದಕ್ಕೆ ಗೀರುಗಳು. ಯಾಕೆ ಹೀಗಾಗುತ್ತದೆ ಅಂದರೆ, ಇವುಗಳ ಒಳಗೆ ರೀಲು ಉಲ್ಟಾ ಓಡುತ್ತದೆ. ಫ್ಯಾಕ್ಟರಿಯಲ್ಲೇ ರೀಲನ್ನು ಪೂರ್ತಿ ಹೊರಗೆ ಎಳೆದು ಇನ್ನೊಂದು ಬದಿಗೆ ಸುತ್ತಿರುತ್ತಾರೆ. ಒಂದೊಂದು ಫೋಟೊಗೂ ಅದು ಸ್ವಲ್ಪ ಸ್ವಲ್ಪವೇ ತನ್ನ ರೀಲಿನ ಡಬ್ಬಿಗೆ ವಾಪಸು ಹೋಗುತ್ತದೆ. ಇನ್ನೆಷ್ಟು ಫೋಟೊ ಉಳಿದಿವೆ ಅಂತ ತೋರಿಸುವ ನಂಬರ್ ಸಾಮಾನ್ಯವಾಗಿ 27ರಿಂದ ಇಳಿಯುತ್ತಾ ಬರುತ್ತದೆ. ಮತ್ತೆ ತುಂಬುವವರು ಪೂರ್ತಿ ಕತ್ತಲಲ್ಲಿ, ಧೂಳಿಲ್ಲದ ಕಡೆ, ಬಿಗಿಯಾಗಿ ಸುತ್ತಬೇಕು. ಗಡಿಬಿಡಿಯಲ್ಲಿ ಮಾಡಿದರೆ ಗೀರು ಗ್ಯಾರಂಟಿ.

ಇನ್ನೊಂದು ವಿಷಯ ಫೋಟೊಗಿಂತ ದೊಡ್ಡದು. ಚಿಕ್ಕಮ್ಮನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಒಂದು ಕ್ಯಾಮೆರಾದ ಟೇಪು ತಾನೇ ಬಿಚ್ಚಿಕೊಂಡಿತ್ತು, ರೀಲೂ ಮುಗಿದಿತ್ತು. ಫ್ಲ್ಯಾಷ್ ಒಂದೆರಡು ಸಲ ಹೊಡೆದು ಯಾಕೆ ನಿಂತಿತು ನೋಡೋಣ ಅಂತ ಸೆಲ್ಲು ತೆಗೆದು ಒಳಗೆ ಬೆರಳಿಟ್ಟ. ಹೊಡೆದ ಶಾಕ್‌ಗೆ ಕ್ಯಾಮೆರಾ ಗೋಡೆಗೆ ಹೋಗಿ ಬಿತ್ತು. ಬೆರಳ ತುದಿ ಸುಟ್ಟು ಬೆಳ್ಳಗಾಗಿತ್ತು. ಚಿಕ್ಕಮ್ಮ ಹೆದರಿ ಅತ್ತುಬಿಟ್ಟರು. ಸೆಲ್ಲು ಒಂದೂವರೆ ವೋಲ್ಟಿನದೇ ಇರಬಹುದು, ಆದರೆ ಫ್ಲ್ಯಾಷ್‌ಗೆ ವಿದ್ಯುತ್ ಕೂಡಿಡುವ ಕೆಪ್ಯಾಸಿಟರ್ ಸುಮಾರು 300 ವೋಲ್ಟ್ ತನಕ ತುಂಬಿಕೊಳ್ಳುತ್ತದೆ. ಸೆಲ್ಲು ತೆಗೆದ ಮೇಲೂ ಆ ವಿದ್ಯುತ್ ಬಹಳ ಹೊತ್ತು ಒಳಗೇ ಇರುತ್ತದೆ. ದೀಪ ಹತ್ತಿಲ್ಲ ಅಂದರೂ ಖಾಲಿ ಅಂತ ಅಲ್ಲ. ಸರಿಯಾದ ಡಬ್ಬಿಯಾದರೆ ಅಷ್ಟು ಸುಲಭಕ್ಕೆ ತೆರೆಯುವುದೇ ಇಲ್ಲ. ಟೇಪಿನ ಮೇಲೆ ನಿಂತ ಡಬ್ಬಿ ಮಕ್ಕಳ ಕೈಯಲ್ಲಿ ಬಿಚ್ಚಿಕೊಂಡರೆ ಏನು ಗತಿ? ಮನೆಯಲ್ಲೇ ರೀಲು ತುಂಬಿಕೊಳ್ಳಿ ಅಂತ ವಿಡಿಯೊ ಮಾಡುವವರಲ್ಲಿ ಕೆಲವರು ಇದನ್ನು ಹೇಳುವುದೇ ಇಲ್ಲ. ದಯವಿಟ್ಟು ಅವರನ್ನು ನೋಡಿ ಕೈ ಹಾಕಬೇಡಿ.

ಹಾಗಂತ ಮರುಬಳಕೆಯನ್ನೇ ನಾನು ದೂರುತ್ತಿಲ್ಲ. ಅಷ್ಟು ಪ್ಲಾಸ್ಟಿಕ್ ಒಂದು ರೀಲಿಗೇ ಕಸವಾಗುವುದು ಯಾರಿಗೆ ಬೇಕು? ಲ್ಯಾಬ್‌ಗಳಿಗೆ ಬಂದ ಖಾಲಿ ಡಬ್ಬಿಗಳನ್ನು ಕಂಪನಿಗಳೇ ವಾಪಸು ತರಿಸಿ ಬಿಡಿಭಾಗ ಬಳಸಿಕೊಂಡಿವೆ. 1986ರಲ್ಲಿ ಇಂಥ ಕ್ಯಾಮೆರಾ ತಂದ ಫ್ಯೂಜಿ, ಮುಂದೆ ಹೊರಗಿನವರು ರೀಲು ತುಂಬಿ ಮಾರಿದಾಗ ಅಮೆರಿಕದಲ್ಲಿ ಜಾಝ್ ಫೋಟೊ ಎಂಬ ಕಂಪನಿ ಮೇಲೆ ಕಾನೂನು ಹೋರಾಟ ಮಾಡಿತು. ಅಮೆರಿಕದಲ್ಲೇ ಮೊದಲು ಮಾರಾಟವಾದ ಡಬ್ಬಿಗೆ ರೀಲು, ಸೆಲ್ಲು ಬದಲಿಸುವುದು ರಿಪೇರಿ ಇದ್ದ ಹಾಗೆ, ಅದಕ್ಕೆ ಪೇಟೆಂಟ್ ಅಡ್ಡ ಬರುವುದಿಲ್ಲ ಅಂತ 2001ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಹೇಳಿತು. ನೀಟಾಗಿ ಮಾಡಿ, ಮರುಬಳಕೆ ಅಂತ ಬರೆದು, ಯಾವ ರೀಲು ಅಂತ ತಿಳಿಸಿ, ಕಡಿಮೆಗೆ ಮಾರಿದರೆ ನಾನೂ ತಗೊಳ್ಳುತ್ತೇನೆ. ಮುಚ್ಚಿಟ್ಟು ಮಾರುವುದು ಮೋಸ, ಅಲ್ವಾ?

ತಗೊಳ್ಳುವಾಗ ಕವರ್ ನೋಡಿ. ಕೊಡಾಕ್, ಫ್ಯೂಜಿಯ ಹೊಸ ಕ್ಯಾಮೆರಾ ಸೀಲಾದ ಪ್ಯಾಕೆಟ್‌ನಲ್ಲಿ ಬರುತ್ತದೆ, ಅವಧಿಯ ತಿಂಗಳು ವರ್ಷ ಅಚ್ಚಾಗಿರುತ್ತದೆ. ಬರೀ ಡಬ್ಬಿ ಕೈಗಿಟ್ಟರೆ ಸಂಶಯಪಡಿ. ಸ್ಟಿಕ್ಕರ್ ಕೆಳಗೆ ಇನ್ನೊಂದು ಸ್ಟಿಕ್ಕರ್, ಸಂದಿಯಲ್ಲಿ ಟೇಪು, ಮೀಟಿ ತೆಗೆದ ಗುರುತು ಇದ್ದರೆ ಸುಮ್ನೆ ವಾಪಸು ಕೊಡಿ. ಆಗಾಗ ಫೋಟೊ ತೆಗೆಯುವವರಾದರೆ, ನಾವೇ ರೀಲು ಹಾಕಿಕೊಳ್ಳುವ ಕೊಡಾಕ್ ಎಂ35ನಂಥ ಸಾದಾ ಕ್ಯಾಮೆರಾ ಎಷ್ಟೋ ವಾಸಿ. ಅದರ ಹಿಂದಿನ ಬಾಗಿಲು ತೆರೆಯಲೆಂದೇ ಮಾಡಿದ್ದು.

ನಮಗೆ ಮಾರಿದವರು ಬಹಳ ಜಗ್ಗಾಡಿ ಅರ್ಧ ದುಡ್ಡು ವಾಪಸು ಕೊಟ್ಟರು. ಅಜ್ಜಿಯ ಫೋಟೊ ಕೊಡಲು ಅವರಿಂದ ಆಗುವುದಿಲ್ಲ.

ಇಂಥ ಕ್ಯಾಮೆರಾ ಈಗಾಗಲೇ ನಿಮ್ಮ ಮನೆಯಲ್ಲಿದ್ದು, ಫೋಟೊನೂ ತೆಗೆದಾಗಿದ್ದರೆ, ಲ್ಯಾಬ್ ಕೌಂಟರಿನಲ್ಲಿ ಇಟ್ಟು ಬಂದುಬಿಡಬೇಡಿ. ಮರುತುಂಬಿದ್ದು ಇರಬಹುದು, ರೀಲು ಯಾವುದೋ ಗೊತ್ತಿಲ್ಲ, ನೋಡಿ ಹಾಕಿ ಅಂತ ಬಾಯಿಬಿಟ್ಟು ಹೇಳಿ, ಕವರಿನ ಮೇಲೂ ಬರೆದು ಕೊಡಿ.