ಪಾಲಕ್, ನುಗ್ಗೆ, ಒಂದೆಲಗ, ಸೀಬೆ: ಅವಸರದ ಬೆಳಗಿಗೆ ಯಾವ ಹಸಿರು?

ಬೆಳಿಗ್ಗೆ 7.40ಕ್ಕೆ ಮನೆಗೆ ಬೀಗ ಹಾಕದಿದ್ದರೆ ನನಗೆ ಬಸ್ಸು ತಪ್ಪುತ್ತದೆ. ಅಷ್ಟರೊಳಗೆ ಮಗಳ ಊಟದ ಡಬ್ಬಿ ತುಂಬಬೇಕು, ಮಾವನವರಿಗೆ ಕಾಫಿಯಾಗಬೇಕು, ಮಧ್ಯಾಹ್ನದ ಸಾರು ಒಲೆಯಿಂದ ಇಳಿದಿರಬೇಕು. ಇಷ್ಟೆಲ್ಲದರ ನಡುವೆ ಬಿಟ್ಟುಹೋಗುತ್ತಿದ್ದದ್ದು ನನ್ನ ತಿಂಡಿ. ಹನ್ನೊಂದು ಗಂಟೆಯ ಹೊತ್ತಿಗೆ ಕೈ ನಡುಗಿ ಕ್ಯಾಂಟೀನಿಗೆ ಓಡುವುದು ರೂಢಿಯಾಗಿಬಿಟ್ಟಿತ್ತು. ಕಳೆದ ಡಿಸೆಂಬರಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 10.4 ಎಂದು ಬಂತು. ವೈದ್ಯರು ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟು, ಜೊತೆಗೆ ಸೊಪ್ಪು, ಹಣ್ಣು ಸರಿಯಾಗಿ ಹೊಟ್ಟೆಗೆ ಹೋಗಲಿ ಎಂದರು. ಕುಳಿತು ತಿನ್ನಲು ಸಮಯವಿಲ್ಲದವಳಿಗೆ ಕುಡಿಯುವುದೊಂದೇ ದಾರಿ ಎನ್ನಿಸಿತು.

ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ನಾಲ್ಕು ಬಗೆಯ ಹಸಿರು ಸ್ಮೂದಿ ಮಾಡಿ ಕುಡಿದೆ. ಒಂದೊಂದಕ್ಕೂ ಹತ್ತು ದಿನ. ಮಿಕ್ಸಿ ಒಂದೇ, 750 ವ್ಯಾಟಿನದು. ಲೋಟವೂ ಒಂದೇ, 300 ಮಿಲಿಲೀಟರ್ ಹಿಡಿಯುವ ಸ್ಟೀಲಿನದು. ಸಕ್ಕರೆ, ಬೆಲ್ಲ, ಜೇನು ಯಾವುದನ್ನೂ ಸೇರಿಸಲಿಲ್ಲ. ಗಡಿಯಾರ ನೋಡಿ ಬರೆದಿಟ್ಟುಕೊಂಡದ್ದು ಬರೀ ಅರೆಯುವ ಸಮಯವನ್ನಲ್ಲ, ಫ್ರಿಜ್ಜಿನ ಬಾಗಿಲು ತೆರೆದಲ್ಲಿಂದ ಜಾರ್ ತೊಳೆದು ಕವುಚಿಡುವವರೆಗಿನ ಪೂರ್ತಿ ಸಮಯವನ್ನು. ಎರಡು ನಿಮಿಷದ ಸ್ಮೂದಿ ಎಂದು ತೋರಿಸುವ ವಿಡಿಯೊಗಳಲ್ಲಿ ಸೊಪ್ಪು ಮೊದಲೇ ತೊಳೆದು ಬಿಡಿಸಿ ಸಿದ್ಧವಾಗಿರುತ್ತದೆ. ನಮ್ಮ ಮನೆಗೆ ಬರುವ ಸೊಪ್ಪಿನ ಕಟ್ಟಿನಲ್ಲಿ ಮಣ್ಣು, ಬೇರು, ಬಾಳೆನಾರು, ಕೆಲವೊಮ್ಮೆ ಹುಳು ಸಹ ಇರುತ್ತವೆ.

ಮೊದಲು ಪಾಲಕ್. ಒಂದು ಹಿಡಿ ಎಲೆ, ಎರಡು ಏಲಕ್ಕಿ ಬಾಳೆಹಣ್ಣು, ಅರ್ಧ ನಿಂಬೆ, ನೀರು. ಎಲ್ಲರೂ ಪಾಲಕ್ಕಿನಿಂದಲೇ ಏಕೆ ಆರಂಭಿಸುತ್ತಾರೆ ಎಂಬುದು ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಬಾಳೆಹಣ್ಣಿನ ಮುಂದೆ ಪಾಲಕ್ಕಿಗೆ ತನ್ನದೆಂಬ ರುಚಿ ಉಳಿಯುವುದಿಲ್ಲ. ಕಣ್ಣು ಮುಚ್ಚಿ ಕುಡಿದರೆ ಬಾಳೆಹಣ್ಣಿನ ರಸಾಯನದಂತೆಯೇ ಇರುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿದು ಅರೆದಾಗ ಮಾತ್ರ ಚೂರು ಚೂರು ಎಲೆ ಹಲ್ಲಿಗೆ ಸಿಕ್ಕಿತು. ಎಲೆಯನ್ನು ನಾಲ್ಕು ಚಮಚ ನೀರಿನೊಂದಿಗೆ ಮೊದಲು ನುಣ್ಣಗೆ ಅರೆದು, ಆಮೇಲೆ ಹಣ್ಣು ಹಾಕಿದರೆ ಆ ತೊಂದರೆಯಿಲ್ಲ. ಬಾಳೆಹಣ್ಣು ಮೊದಲೇ ಬಿದ್ದರೆ ಜಾರಿನಲ್ಲಿ ಗಟ್ಟಿ ಮುದ್ದೆಯಾಗಿ, ಎಲೆ ಬ್ಲೇಡಿನ ಬಳಿಗೇ ಬರುವುದಿಲ್ಲ.

ಕುಡಿದಾದ ಮೇಲೆ ಹಲ್ಲಿನ ಮೇಲೆ ಸೀಮೆಸುಣ್ಣ ಸವರಿದಂತೆ ಒಂದು ಒರಟುತನ ಉಳಿಯುತ್ತಿತ್ತು. ನಾಲಿಗೆಯಿಂದ ಮುಟ್ಟಿದರೆ ಹಲ್ಲು ಕಿರುಗುಟ್ಟಿದಂತೆ. ಅದಕ್ಕೆ ಕಾರಣ ಪಾಲಕ್ಕಿನಲ್ಲಿ ಹೇರಳವಾಗಿರುವ ಆಕ್ಸಲೇಟ್. ಹಲ್ಲಿಗಷ್ಟೇ ಅಲ್ಲ, ದೇಹಕ್ಕೂ ಅದರ ಕಾಟವಿದೆ. ಪಾಲಕ್ಕಿನ ಕ್ಯಾಲ್ಸಿಯಂ ಅನ್ನು ಅದು ಕಟ್ಟಿಹಾಕುವುದರಿಂದ ಅದರಲ್ಲಿ ಬಹುಪಾಲು ನಮಗೆ ದಕ್ಕುವುದೇ ಇಲ್ಲ. ಸೊಪ್ಪಿನ ಕಬ್ಬಿಣಾಂಶವೂ ದೇಹಕ್ಕೆ ಸುಲಭವಾಗಿ ಸೇರುವಂಥದ್ದಲ್ಲ, ಅದಕ್ಕೆ ವಿಟಮಿನ್ ಸಿ ಜೊತೆಯಾಗಬೇಕು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಾಗಿರುವವರು ಹಸಿ ಪಾಲಕ್ ಅನ್ನು ದಿನವೂ ಕುಡಿಯುವುದು ಸರಿಯಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಯಾವ ಹಸಿರು ಸೊಪ್ಪನ್ನೇ ಆಗಲಿ ದಿಢೀರನೆ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ನಮ್ಮ ಮಾವನವರಿಗೆ ಕೊಡುವ ಮೊದಲು ನಾನೂ ಕೇಳಿದೆ. ಪಾಲಕ್ಕಿನ ಸಮಯ, ಸೊಪ್ಪು ತೊಳೆಯುವುದೂ ಸೇರಿ, 9 ನಿಮಿಷ.

ಆಮೇಲೆ ನುಗ್ಗೆ. ಇದರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆಯಿತ್ತು. ತೂಕಕ್ಕೆ ತೂಕ ಹೋಲಿಸಿದರೆ ನುಗ್ಗೆ ಸೊಪ್ಪಿನಲ್ಲಿ ಹಾಲಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಸೊಪ್ಪುಗಳಲ್ಲೇ ಒಳ್ಳೆಯ ಪ್ರಮಾಣದ ಪ್ರೋಟೀನ್ ಇದೆ. ಹಿತ್ತಲಲ್ಲಿ ಮರವಿದ್ದವರಿಗೆ ದುಡ್ಡೂ ಇಲ್ಲ. ಆದರೆ ಅದನ್ನು ಬಿಡಿಸಿದವರಿಗೆ ಗೊತ್ತು, ಎಲೆಯ ಜೊತೆಗೆ ದಾರದಂಥ ಸಣ್ಣ ಕಡ್ಡಿಗಳು ಬಂದೇ ಬರುತ್ತವೆ. ಪಲ್ಯದಲ್ಲಿ ಅವು ಬೆಂದುಹೋಗುತ್ತವೆ. ಹಸಿಯಾಗಿ ಅರೆದಾಗ ಗಂಟಲಿಗೆ ನಾರು ಸಿಕ್ಕಿದಂತಾಗುತ್ತದೆ. ಕಡ್ಡಿಯಿಲ್ಲದಂತೆ ಒಂದು ಹಿಡಿ ಬಿಡಿಸಲು ನನಗೆ 8 ನಿಮಿಷ ಹಿಡಿಯಿತು, ಒಟ್ಟು ಕೆಲಸ 16 ನಿಮಿಷ. ಹಸಿ ನುಗ್ಗೆಗೆ ಮೂಲಂಗಿಯ ಘಾಟೂ ಇದೆ, ಕಹಿಯೂ ಇದೆ. ಬಾಳೆಹಣ್ಣಿಗೆ ಇದು ಬಗ್ಗಲಿಲ್ಲ, ಅನಾನಸ್‌ಗೆ ಮಾತ್ರ ಬಗ್ಗಿತು.

ಅನಾನಸ್ ಹಾಕಿದ ಮೂರನೆಯ ದಿನ ಒಂದು ತಪ್ಪು ಮಾಡಿದೆ. ಹೊಟ್ಟೆ ತುಂಬಲಿ ಎಂದು ಅರ್ಧ ಬಟ್ಟಲು ಗಟ್ಟಿ ಮೊಸರು ಸೇರಿಸಿ, ಅರ್ಧ ಕುಡಿದು, ಉಳಿದದ್ದನ್ನು ಬಾಟಲಿಗೆ ತುಂಬಿ ಕಚೇರಿಗೆ ಒಯ್ದೆ. ಮನೆಯಲ್ಲಿ ಕುಡಿಯುವಾಗ ಏನೂ ಅನ್ನಿಸಿರಲಿಲ್ಲ. ಹತ್ತೂವರೆಗೆ ಮುಚ್ಚಳ ತೆಗೆದು ಬಾಯಿಗಿಟ್ಟರೆ ಹಾಗಲಕಾಯಿಯಷ್ಟು ಕಹಿ. ನುಗ್ಗೆಯದೇ ಕಹಿ ಹೆಚ್ಚಿತೆಂದು ಮೊದಲು ತಿಳಿದೆ. ಮರುದಿನ ನುಗ್ಗೆಯನ್ನು ಬಿಟ್ಟು ಬರೀ ಅನಾನಸ್, ಮೊಸರು ಕಲಸಿ ಮೂರು ಗಂಟೆ ಇಟ್ಟು ನೋಡಿದೆ. ಅದೇ ಕಹಿ. ಹಸಿ ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ತುಂಡರಿಸುತ್ತಾ ಹೋಗುತ್ತದೆ, ಆ ತುಂಡುಗಳು ನಾಲಿಗೆಗೆ ಕಹಿಯಾಗುತ್ತವೆ. ಹಣ್ಣನ್ನು ನಾಲ್ಕೈದು ನಿಮಿಷ ಕುದಿಸಿದರೆ ಕಿಣ್ವ ಸಾಯುತ್ತದೆ, ಆದರೆ ಬೆಳಿಗ್ಗೆ ಹಣ್ಣು ಕುದಿಸುತ್ತಾ ನಿಲ್ಲುವವರು ಯಾರು? ಅನಾನಸ್ ಹಾಕುವುದಾದರೆ ಹಾಲು, ಮೊಸರು ಬೇಡ. ಎಳನೀರು ಹಾಕಿ, ಇಲ್ಲವೇ ಬರೀ ನೀರು. ಪಪ್ಪಾಯಿ, ಕಿವಿ ಹಣ್ಣುಗಳಿಗೂ ಇದೇ ಮಾತು.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ನುಗ್ಗೆಯ ಪುಟ್ಟ ಎಲೆಗಳ ಒಂದು ಹಿಡಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ 15 ಗ್ರಾಂ ದಾಟಲಿಲ್ಲ. ಅದಕ್ಕಿಂತ ಹೆಚ್ಚು ಹಾಕಿದರೆ ಕುಡಿಯಲಾಗಲಿಲ್ಲ. ಕೋಷ್ಟಕಗಳು 100 ಗ್ರಾಂ ಲೆಕ್ಕದಲ್ಲಿ ಎಷ್ಟೇ ದೊಡ್ಡ ಅಂಕಿ ಹೇಳಲಿ, ಲೋಟಕ್ಕೆ ಬೀಳುವುದು ಅದರ ಏಳರಲ್ಲೊಂದು ಪಾಲು. ನುಗ್ಗೆಯನ್ನು ಪಲ್ಯಕ್ಕೆ, ಬಸ್ಸಾರಿಗೆ, ರೊಟ್ಟಿಗೆ ಹಾಕಿದರೆ ತಟ್ಟೆ ತುಂಬ ತಿನ್ನಬಹುದು. ಅದರ ಜಾಗ ಅಲ್ಲೇ ಎಂದು ನನಗೆ ಖಚಿತವಾಯಿತು.

ಒಂದೆಲಗದ ಬಗ್ಗೆ ಬರೆಯುವಾಗ ನಾನು ತಕ್ಕಡಿ ಹಿಡಿದವಳಂತೆ ಇರಲಾರೆ. ನನ್ನ ತವರು ಸಾಗರದ ಕಡೆ. ಅಲ್ಲಿ ಬಚ್ಚಲ ನೀರು ಹರಿಯುವ ಅಂಚಿನಲ್ಲಿ, ಅಡಿಕೆ ತೋಟದ ಕಾಲುವೆಯ ಬದಿಯಲ್ಲಿ ಇದು ತಾನಾಗಿ ಹಬ್ಬಿರುತ್ತದೆ. ಕರಾವಳಿಯಲ್ಲಿ ತುಳು ಮಾತನಾಡುವವರಿಗೆ ತಿಮರೆ. ಮೂತ್ರಪಿಂಡದ ಆಕಾರದ ಒಂದೊಂದೇ ಎಲೆ, ಅಂಚಿಗೆ ಗರಗಸದಂಥ ಕಚ್ಚು. ಕೆಲವರು ಬ್ರಾಹ್ಮಿ ಎನ್ನುವುದು ಇದಕ್ಕೇ, ಇನ್ನು ಕೆಲವರು ಬ್ರಾಹ್ಮಿ ಎನ್ನುವುದು ದಪ್ಪ ಪುಟ್ಟ ಎಲೆಯ ನೀರುಬ್ರಾಹ್ಮಿಗೆ. ಎರಡೂ ಬೇರೆ ಬೇರೆ ಗಿಡ, ಕೊಳ್ಳುವಾಗ ನೋಡಿ ಕೊಳ್ಳಬೇಕು. ಬೇಸಿಗೆಯ ಮಧ್ಯಾಹ್ನ ಅಮ್ಮ ಇದನ್ನು ತೆಂಗಿನತುರಿ, ಜೀರಿಗೆ, ಕಾಳುಮೆಣಸಿನ ಜೊತೆ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡುತ್ತಿದ್ದಳು. ಊಟಕ್ಕೆ ಮೊದಲು ಒಂದು ಲೋಟ ಹಾಗೆಯೇ ಕುಡಿಯುತ್ತಿದ್ದೆವು. ಹಸಿರು ಎಲೆಯನ್ನು ಬೇಯಿಸದೆ ಅರೆದು ತಣ್ಣಗೆ ಕುಡಿಯುವುದು ಮಲೆನಾಡಿಗೆ ಹೊಸದೇನಲ್ಲ. ವಿಯೆಟ್ನಾಂನಲ್ಲೂ ಇದೇ ಎಲೆಯ ರಸವನ್ನು ಬೀದಿಬದಿಯಲ್ಲಿ ಮಾರುತ್ತಾರೆ.

ಹಾಗಾಗಿ ಹಣ್ಣಿನ ಜೊತೆ ಒಂದೆಲಗ ಎಂದಾಗ ತಂಬುಳಿಯ ದಾರಿಯಲ್ಲೇ ಹೋದೆ. ಒಂದು ಹಿಡಿ ಎಲೆ, ಒಂದು ಎಳನೀರಿನ ಗಂಜಿ, ಒಂದು ಬಟ್ಟಲು ಹಸಿರು ದ್ರಾಕ್ಷಿ, ಒಂದು ಚಿಟಿಕೆ ಹುರಿದ ಜೀರಿಗೆ, ಎರಡು ಕಾಳುಮೆಣಸು. ಫೆಬ್ರವರಿಯಲ್ಲಿ ವಿಜಯಪುರದ ಬೀಜವಿಲ್ಲದ ದ್ರಾಕ್ಷಿ ಬಂಡಿಗಳ ಮೇಲೆ ರಾಶಿಯಾಗಿ ಬಂದಿರುತ್ತದೆ. ಅದರ ಸಿಹಿಹುಳಿ, ಎಳೆಯ ತೆಂಗಿನ ಜಿಡ್ಡು, ಒಂದೆಲಗದ ಸಣ್ಣ ಒಗರು, ಕೊನೆಯಲ್ಲಿ ಮೆಣಸಿನ ಬಿಸಿ. ನಾಲ್ಕರಲ್ಲಿ ರುಚಿಯಲ್ಲಿ ಇದಕ್ಕೆ ಸಾಟಿಯಿಲ್ಲ. ಸೊಪ್ಪಿನ ಹೆಸರೆತ್ತಿದರೆ ಮುಖ ಸಿಂಡರಿಸುವ ಮಗಳು ಇದನ್ನು ಕೇಳಿ ಕುಡಿದಳು.

ಆದರೂ ಇದನ್ನು ನಿತ್ಯದ ಲೋಟವಾಗಿ ಹೇಳಲಾರೆ. ಬೆಂಗಳೂರಿನಲ್ಲಿ ಪ್ರತಿದಿನ ಸಿಗುವುದಿಲ್ಲ. ಮಲ್ಲೇಶ್ವರದ 8ನೇ ಅಡ್ಡರಸ್ತೆಯಲ್ಲೋ ಗಾಂಧಿಬಜಾರಿನಲ್ಲೋ ಸೊಪ್ಪಿನವರ ಬಳಿ ಅದೃಷ್ಟವಿದ್ದರೆ ಒಂದು ಕಟ್ಟು ಸಿಗುತ್ತದೆ. ಒದ್ದೆ ನೆಲದ ಗಿಡವಾದ್ದರಿಂದ ಯಾವ ನೀರಿನಲ್ಲಿ ಬೆಳೆದದ್ದೋ ತಿಳಿಯದು. ಹಸಿಯಾಗಿ ಕುಡಿಯುವ ಎಲೆಯನ್ನು ಹರಿಯುವ ನೀರಿನಲ್ಲಿ ಎಲೆ ಎಲೆಯಾಗಿ ಉಜ್ಜಿ ತೊಳೆಯದೆ ಜಾರಿಗೆ ಹಾಕಬಾರದು. ತೊಳೆಯುವುದಕ್ಕೇ 7 ನಿಮಿಷ, ಒಟ್ಟು 14. ನೆನಪಿನ ಶಕ್ತಿಗೆ ಒಳ್ಳೆಯದೆಂದು ದಿನವೂ ಹಿಡಿಗಟ್ಟಲೆ ತಿನ್ನುವವರಿದ್ದಾರೆ. ಇದನ್ನು ಔಷಧಿಯಂತೆ ಬಹಳ ದಿನ ತೆಗೆದುಕೊಂಡವರಲ್ಲಿ ಅಪರೂಪಕ್ಕೆ ಯಕೃತ್ತಿಗೆ ತೊಂದರೆಯಾದದ್ದು ವರದಿಯಾಗಿದೆ. ತಂಬುಳಿಯನ್ನೂ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ, ಎರಡು ಬಾರಿ ಮಾಡುತ್ತಿದ್ದರೇ ಹೊರತು ದಿನವೂ ಅಲ್ಲ.

ನಾಲ್ಕನೆಯದು ಸೀಬೆ ಮತ್ತು ಪುದೀನ. ಅತಿ ಬೇಗ ಆಗುವುದು ಇದೇ, 5 ನಿಮಿಷ. ಅರೆಮಾಗಿದ ಬಿಳಿ ಸೀಬೆ ಒಂದು, ಪುದೀನ ಹತ್ತು ಎಲೆ, ಚಿಟಿಕೆ ಉಪ್ಪು, ನೀರು. 100 ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ, ಕಿತ್ತಳೆಯಲ್ಲಿರುವುದು ಅದರ ನಾಲ್ಕನೆಯ ಒಂದು ಪಾಲು. ತೊಡಕೆಂದರೆ ಬೀಜ. ಮಿಕ್ಸಿ ಎಷ್ಟು ತಿರುಗಿದರೂ ಬೀಜ ಪುಡಿಯಾಗದೆ ಮರಳಿನಂತೆ ಉಳಿಯುತ್ತದೆ, ಜರಡಿ ಹಿಡಿದರೆ ಬೀಜದ ಜೊತೆ ತಿರುಳೂ ಹೋಗಿ ತೊಳೆಯುವ ಪಾತ್ರೆ ಒಂದು ಹೆಚ್ಚುತ್ತದೆ. ಹಣ್ಣನ್ನು ಅರ್ಧ ಸೀಳಿ, ನಡುವಿನ ಬೀಜದ ಗುಂಡನ್ನು ಚಮಚದಿಂದ ಎತ್ತಿ ಬಾಯಿಗೆ ಹಾಕಿಕೊಂಡು, ಹೊರಗಿನ ತಿರುಳನ್ನು ಮಾತ್ರ ಅರೆಯುವುದು ನಾನು ಕಂಡುಕೊಂಡ ಉಪಾಯ. ಅರೆದ ತಕ್ಷಣ ಕುಡಿಯಬೇಕು. ಸೀಬೆಯ ಪೆಕ್ಟಿನ್ ಗಟ್ಟಿಯಾಗುತ್ತಾ ಹೋಗಿ ಅರ್ಧ ಗಂಟೆಯಲ್ಲಿ ಲೋಟ ಬಾಗಿಸಿದರೂ ಬೀಳದಂತಾಗುತ್ತದೆ. ಹೆಸರಿಗೆ ಹಸಿರಾದರೂ ಹತ್ತು ಪುದೀನ ಎಲೆಯನ್ನು ಸೊಪ್ಪು ತಿಂದ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸು ಒಪ್ಪಲಿಲ್ಲ.

ಬೆಣ್ಣೆಹಣ್ಣನ್ನು ಏಕೆ ಬಿಟ್ಟಿರಿ ಎಂದು ಕೇಳಬಹುದು. ಜ್ಯೂಸ್ ಅಂಗಡಿಗಳ ಬೆಣ್ಣೆಹಣ್ಣಿನ ಮಿಲ್ಕ್‌ಶೇಕ್ ನನಗೂ ಪ್ರೀತಿಯೇ. ಆದರೆ ಕೊಡಗಿನ ಹಣ್ಣು ರಾಶಿ ಬೀಳುವುದು ಮಳೆಗಾಲದಲ್ಲಿ, ನನ್ನ ಪರೀಕ್ಷೆ ನಡೆದದ್ದು ಬೇಸಿಗೆಯ ಬಾಗಿಲಲ್ಲಿ.

ಈ ನಾಲ್ಕರಲ್ಲಿ ಯಾವುದೂ ಇದ್ದ ಹಾಗೆಯೇ ಗೆಲ್ಲಲಿಲ್ಲ. ಮಾರ್ಚ್ ಮೊದಲ ವಾರದ ಒಂದು ಭಾನುವಾರ ಪಾಲಕ್ ಮತ್ತು ಸೀಬೆಯನ್ನು ಕೂಡಿಸಿದಾಗ ದಾರಿ ಸಿಕ್ಕಿತು. ಎರಡು ಕಟ್ಟು ಪಾಲಕ್ ತೊಳೆದು, ಕುದಿಯುವ ನೀರಿನಲ್ಲಿ ಸರಿಯಾಗಿ ಒಂದು ನಿಮಿಷ ಮುಳುಗಿಸಿ, ತಕ್ಷಣ ತಣ್ಣೀರಿಗೆ ಹಾಕಿದೆ. ಕುದಿಸಿದ ನೀರನ್ನು ಚೆಲ್ಲಿದೆ. ಕರಗುವ ಆಕ್ಸಲೇಟಿನ ಒಂದಷ್ಟು ಭಾಗ ಆ ನೀರಿನೊಂದಿಗೆ ಹೋಗುತ್ತದೆ. ಎಲೆಯನ್ನು ಹಿಂಡಿ, ನುಣ್ಣಗೆ ಅರೆದು, ಐಸ್ ತಟ್ಟೆಯ 14 ಗುಳಿಗಳಿಗೆ ತುಂಬಿ ಫ್ರೀಜರಿನಲ್ಲಿಟ್ಟೆ. ಭಾನುವಾರದ ಅರ್ಧ ಗಂಟೆ ಇದಕ್ಕೆ ಮೀಸಲು.

ಈಗ ಬೆಳಿಗ್ಗೆ ಎರಡು ಗಡ್ಡೆ ಪಾಲಕ್, ಬೀಜ ತೆಗೆದ ಒಂದು ಸೀಬೆ, ಒಂದು ಏಲಕ್ಕಿ ಬಾಳೆ, ಎರಡು ದೊಡ್ಡ ಚಮಚ ಹುರಿಗಡಲೆ, ನೀರು. ಹುರಿಗಡಲೆಯನ್ನು ಮೊದಲು ಒಣಗಿದ ಜಾರಿನಲ್ಲಿ ಪುಡಿ ಮಾಡಿಕೊಳ್ಳಬೇಕು. ಒದ್ದೆ ಜಾರಿಗೆ ಹಾಕಿದರೆ ತಳಕ್ಕೆ ಅಂಟಿಕೊಂಡು ತೊಳೆಯುವ ಕೆಲಸ ಹೆಚ್ಚುತ್ತದೆ. ಬರೀ ಹಣ್ಣು, ಸೊಪ್ಪು ಕುಡಿದ ದಿನಗಳಲ್ಲಿ ಹತ್ತು ಗಂಟೆಗೇ ಹಸಿವಾಗುತ್ತಿತ್ತು, ಹುರಿಗಡಲೆ ಬಂದ ಮೇಲೆ ಹನ್ನೆರಡರವರೆಗೂ ತಡೆಯುತ್ತದೆ. ಕುದಿನೀರಿನಲ್ಲಿ ಪಾಲಕ್ ಕಳೆದುಕೊಂಡ ವಿಟಮಿನ್ ಸಿಯನ್ನು ಸೀಬೆ ತುಂಬಿಕೊಡುತ್ತದೆ, ಸೊಪ್ಪಿನ ಕಬ್ಬಿಣಾಂಶ ಹೀರಲೂ ಅದೇ ನೆರವಾಗುತ್ತದೆ. ಹಲ್ಲಿನ ಮೇಲಿನ ಸುಣ್ಣದಂಥ ಒರಟು ಬಹುಮಟ್ಟಿಗೆ ಹೋಗಿದೆ. ಹಸಿ ಪಾಲಕ್ಕಿಗೆ ನಿಂಬೆ ಹಿಂಡಿ ಬಾಟಲಿಗೆ ತುಂಬಿದರೆ ಹುಳಿ ತಗುಲಿ ಕಚೇರಿ ಸೇರುವಷ್ಟರಲ್ಲಿ ಬಣ್ಣ ಕೆಸರಿನಂತಾಗುತ್ತಿತ್ತು. ಇದು ನಿಂಬೆಯಿಲ್ಲದೆ, ಅರೆದ ಕೂಡಲೇ ಹೊಟ್ಟೆಗೆ ಹೋಗುವುದರಿಂದ ಕೊನೆಯ ಗುಟುಕಿನವರೆಗೂ ಎಳೆ ಬಾಳೆಲೆಯ ಹಸಿರು. ಸಮಯ, ಜಾರ್ ತೊಳೆದು ಕವುಚುವವರೆಗೆ, 6 ನಿಮಿಷ.

ಏಪ್ರಿಲಿನ ರಕ್ತಪರೀಕ್ಷೆಯಲ್ಲಿ 11.8 ಬಂತು. ಅದು ಮುಖ್ಯವಾಗಿ ಮಾತ್ರೆಯ ಕೆಲಸ, ಸ್ಮೂದಿಗೆ ಆ ಗೌರವ ಕೊಡುವುದು ತಪ್ಪಾಗುತ್ತದೆ. ಆದರೆ ಹನ್ನೊಂದು ಗಂಟೆಯ ಕೈನಡುಕ ನಿಂತದ್ದು ಈ ಲೋಟದಿಂದಲೇ. ಮಾತ್ರೆಯನ್ನು ಕಾಫಿಯ ಜೊತೆ ನುಂಗುವುದನ್ನು ಬಿಟ್ಟಿದ್ದೇನೆ, ಕಬ್ಬಿಣಾಂಶ ಹೀರುವುದಕ್ಕೆ ಕಾಫಿ ಅಡ್ಡಿ.

ಕಳೆದ ಸಲ ಊರಿಗೆ ಹೋದಾಗ ಅಮ್ಮ ಒಂದೆಲಗದ ನಾಲ್ಕು ಬಳ್ಳಿಯನ್ನು ಬೇರುಸಹಿತ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಬಾಲ್ಕನಿಯ ಅಗಲ ಕುಂಡದಲ್ಲಿ ಅದು ಅಂಚು ದಾಟಿ ಕೆಳಗಿಳಿಯುತ್ತಿದೆ. ನಲ್ಲಿಯ ನೀರು, ನನ್ನದೇ ಮಣ್ಣು, ಹಾಗಾಗಿ ತೊಳೆಯುವುದಕ್ಕೆ ಈಗ ಎರಡೇ ನಿಮಿಷ. ವಾರಕ್ಕೆ ಒಂದು ಹಿಡಿ ಎಲೆ ಸಿಗುತ್ತದೆ. ಶನಿವಾರ ಬಸ್ಸಿನ ಅವಸರವಿಲ್ಲದ ಬೆಳಿಗ್ಗೆ, ಮಗಳು ಚಾಪೆ ಬಿಡುವ ಮೊದಲೇ ಅದನ್ನು ಕೊಯ್ದಿಟ್ಟಿರುತ್ತೇನೆ.