ಮೈಕ್ರೋಸಾಫ್ಟ್ 365 ಟಾರ್ಗೆಟೆಡ್ ರಿಲೀಸ್: ಹೊಸ ಫೀಚರ್ ಮೊದಲು ಯಾರಿಗೆ?

ದುಡ್ಡು ಕೊಡುವ ಕಂಪನಿಗೆ ಹೊಸ ಫೀಚರ್ ಎಲ್ಲರಿಗಿಂತ ಮೊದಲು ಸಿಗಬೇಕು ಅನ್ನುವ ವಾದ ಕೇಳಲು ನ್ಯಾಯವಾಗಿಯೇ ಇದೆ. ಆದರೆ ತಿಂಗಳ ಕೊನೆಗೆ ಲೆಕ್ಕ ಮುಗಿಸುವವರ ಸ್ಕ್ರೀನಿನಲ್ಲಿ ಒಂದು ಬಟನ್ ಜಾಗ ಬದಲಿಸಿದರೂ ಸಾಕು, ಹೆಲ್ಪ್‌ಡೆಸ್ಕಿನ ಫೋನಿಗೆ ಬಿಡುವಿರುವುದಿಲ್ಲ. ಯಾರಿಗೆ, ಯಾವಾಗ ಎಂದು ತೀರ್ಮಾನಿಸುವ ಹಿಡಿತ ಕಂಪನಿಯ ಕೈಯಲ್ಲಿರಬೇಕು. ಮೇಲ್, ವರ್ಡ್, ಎಕ್ಸೆಲ್ ಎಲ್ಲ ಸೇರಿದ ಚಂದಾ ಸೇವೆಯಾದ ಮೈಕ್ರೋಸಾಫ್ಟ್ 365 ಅದನ್ನು ಬಹುಮಟ್ಟಿಗೆ ಕೊಡುತ್ತದೆ.

ಅಡ್ಮಿನ್ ಸೆಂಟರ್‌ನಲ್ಲಿ (ಕಂಪನಿಯ ಖಾತೆಗಳನ್ನು ನಿರ್ವಹಿಸುವ ಪುಟ) ಸೆಟ್ಟಿಂಗ್ಸ್, ಆರ್ಗ್ ಸೆಟ್ಟಿಂಗ್ಸ್, ಆರ್ಗನೈಸೇಷನ್ ಪ್ರೊಫೈಲ್, ರಿಲೀಸ್ ಪ್ರಿಫರೆನ್ಸಸ್‌ಗೆ ಹೋಗಿ. ಮೂರು ಆಯ್ಕೆಗಳಿವೆ: ಸ್ಟ್ಯಾಂಡರ್ಡ್ (ಫೀಚರ್ ಎಲ್ಲ ಗ್ರಾಹಕರಿಗೆ ಬಿಡುಗಡೆಯಾದಾಗ), ಎಲ್ಲರಿಗೂ ಟಾರ್ಗೆಟೆಡ್ (ಅದಕ್ಕಿಂತ ಮೊದಲೇ, ಕಂಪನಿಯ ಎಲ್ಲರಿಗೂ), ಆಯ್ದವರಿಗೆ ಮಾತ್ರ ಟಾರ್ಗೆಟೆಡ್. ಮೂರನೆಯದನ್ನೇ ಹಿಡಿಯಿರಿ. ಜಾರಿಗೆ ಬರಲು 24 ಗಂಟೆ ಹಿಡಿಯಬಹುದು. ಕಾಣಲಿಲ್ಲವೆಂದು ಮತ್ತೆ ಮತ್ತೆ ಬದಲಿಸಬೇಡಿ.

ಯಾರನ್ನು ಆರಿಸುತ್ತೀರಿ ಅನ್ನುವುದೇ ಮುಖ್ಯ. ಐಟಿಯವರನ್ನಷ್ಟೇ ಸೇರಿಸಿದರೆ ತೊಂದರೆ ಹೊರಗೆ ಬರುವುದೇ ಇಲ್ಲ. ಹತ್ತಾರು ಜನ ಹಂಚಿಕೊಂಡ ಕ್ಯಾಲೆಂಡರು, ಹಳೇ ಶೇರ್‌ಪಾಯಿಂಟ್ (ಕಂಪನಿಯೊಳಗಿನ ಕಡತ-ಮಾಹಿತಿ ತಾಣ) ಪುಟಗಳ ಮೇಲೆ ದಿನವಿಡೀ ಕೆಲಸ ಮಾಡುವವರು ಅವರಲ್ಲ. 200 ಜನರ ಆಫೀಸಿಗೆ ಎಂಟು-ಹತ್ತು ಮಂದಿ ಸಾಕು: ಅಕೌಂಟ್ಸ್‌ನಿಂದ ಇಬ್ಬರು, ಎಚ್‌ಆರ್‌ನಿಂದ ಒಬ್ಬರು, ಹೆಲ್ಪ್‌ಡೆಸ್ಕಿನಲ್ಲಿ ಅರ್ಧ ಜನ. ಉಳಿದರ್ಧ ಸ್ಟ್ಯಾಂಡರ್ಡ್‌ನಲ್ಲೇ ಇರಲಿ, ಏಕೆಂದರೆ ಫೋನ್ ಮಾಡುವ ಹೆಚ್ಚಿನವರ ಸ್ಕ್ರೀನ್ ಅದೇ. ತರಬೇತಿಯ ಸ್ಕ್ರೀನ್‌ಶಾಟ್‌ಗಳನ್ನೂ ಸ್ಟ್ಯಾಂಡರ್ಡ್ ಖಾತೆಯಿಂದಲೇ ತೆಗೆಯಬೇಕು.

ಇಲ್ಲೊಂದು ಅಪಾಯವೂ ಇದೆ. ಟಾರ್ಗೆಟೆಡ್‌ನಿಂದ ಸ್ಟ್ಯಾಂಡರ್ಡ್‌ಗೆ ಮರಳಿದರೆ, ಅಲ್ಲಿಗೆ ಇನ್ನೂ ಬಾರದ ಫೀಚರ್‌ಗಳು ಬಳಕೆದಾರರ ಕೈತಪ್ಪಬಹುದು. ಪರೀಕ್ಷೆಯ ಹಂತದಲ್ಲಿರುವ ಫೀಚರನ್ನು ನಂಬಿ ಇಲಾಖೆಯ ನಿತ್ಯದ ಕೆಲಸ ಕಟ್ಟಬೇಡಿ.

ಇನ್ನೊಂದು ಗೊಂದಲ: ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆಗಿರುವ ಎಕ್ಸೆಲ್, ವರ್ಡ್ ಈ ಸೆಟ್ಟಿಂಗಿನ ಮಾತು ಕೇಳುವುದಿಲ್ಲ. ಅವುಗಳಿಗೆ ಹೊಸದು ಯಾವಾಗ ಬರಬೇಕೆಂದು ತೀರ್ಮಾನಿಸುವುದು ಅಪ್‌ಡೇಟ್ ಚಾನೆಲ್ ಎಂಬ ಬೇರೆ ಸೆಟ್ಟಿಂಗ್. ಕರೆಂಟ್ ಚಾನೆಲ್‌ನಲ್ಲಿ ಫೀಚರ್ ಸಿದ್ಧವಾದಂತೆ ಬರುತ್ತದೆ. ಮಂತ್ಲಿ ಎಂಟರ್‌ಪ್ರೈಸ್‌ನಲ್ಲಿ ತಿಂಗಳಿಗೊಮ್ಮೆ, ಎರಡನೇ ಮಂಗಳವಾರ. ಹೆಚ್ಚಿನ ಆಫೀಸುಗಳಿಗೆ ಎರಡನೆಯದೇ ಸರಿ. ಸೆಕ್ಯುರಿಟಿ ಪ್ಯಾಚ್ ಎರಡರಲ್ಲೂ ಬರುತ್ತದೆ.

ಗೂಗಲ್ ವರ್ಕ್‌ಸ್ಪೇಸ್‌ನಲ್ಲೂ ರ್ಯಾಪಿಡ್, ಶೆಡ್ಯೂಲ್ಡ್ ಎಂಬ ಎರಡು ದಾರಿಗಳಿವೆ, ಶೆಡ್ಯೂಲ್ಡ್‌ನಲ್ಲಿ ಫೀಚರ್ ರ್ಯಾಪಿಡ್‌ಗಿಂತ ಕನಿಷ್ಠ ಒಂದು ವಾರ ತಡವಾಗಿ ಬರುತ್ತದೆ. ದೊಡ್ಡ ಆಫೀಸಿಗೆ ಒಂದು ವಾರ ಏನೇನೂ ಸಾಲದು.

365ರ ಮೇಲೂ ನಮ್ಮ ದೂರು ಇದೇ ಜಾತಿಯದು. ವಿಂಡೋಸ್ ಪ್ರೊನಲ್ಲಿ ಫೀಚರ್ ಅಪ್‌ಡೇಟನ್ನು 365 ದಿನಗಳವರೆಗೆ ಮುಂದೂಡಬಹುದು. ಅದೇ ಕಂಪನಿಯ ಆನ್‌ಲೈನ್ ಸೇವೆಯಲ್ಲಿ ಸ್ಟ್ಯಾಂಡರ್ಡ್‌ಗೆ ಬಂದದ್ದನ್ನು ಒಂದು ತಿಂಗಳು ತಡೆಯುವ ಸಾಮಾನ್ಯ ಸ್ವಿಚ್ಚೇ ಇಲ್ಲ. ಕೆಲವು ಫೀಚರ್‌ಗಳಿಗೆ ಪ್ರತ್ಯೇಕ ಸ್ವಿಚ್ ಇದೆ, ಕೆಲವಕ್ಕಿಲ್ಲ. ಅಂಥ ಸಾಮಾನ್ಯ ಸ್ವಿಚ್ ಬರುವವರೆಗೆ ಮೆಸೇಜ್ ಸೆಂಟರ್ (ಬರಲಿರುವ ಬದಲಾವಣೆಗಳ ಸೂಚನೆ ಸಿಗುವ ಅಡ್ಮಿನ್ ಸೆಂಟರ್ ಪುಟ) ಓದುವ ಹೊಣೆಯನ್ನು ಒಬ್ಬರ ಹೆಸರಿಗೆ ಬರೆದು ಹಾಕಿ.