ಫ್ಯಾನ್ ಇಲ್ಲದ ಚಾರ್ಜರ್: ವಿದ್ಯುತ್ ದೋಣಿಯಲ್ಲಿ ಮೂರು ವರ್ಷ ಬಳಸಿದ ಮೇಲೆ

ವಿದ್ಯುತ್ ದೋಣಿಗೆ ಚಾರ್ಜರ್ ಹುಡುಕುವವರ ಕಣ್ಣು ಮೊದಲು ಹೋಗುವುದು ಆಂಪಿಯರ್ ಸಂಖ್ಯೆಯ ಮೇಲೆ. ನಾನೂ ಹಾಗೆಯೇ ನೋಡಿ, 48 ವೋಲ್ಟ್, 200 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಫ್ಯಾನ್ ಇರುವ 50 ಆಂಪಿಯರ್ ಚಾರ್ಜರ್ ಕೊಂಡೆ. ಅರ್ಧ ಖಾಲಿಯಾದ ಬ್ಯಾಟರಿಯನ್ನು ಅದು ಎರಡು ಗಂಟೆಯ ಆಸುಪಾಸಿನಲ್ಲಿ ತುಂಬುತ್ತಿತ್ತು. ಸಂಜೆ ದಡ ಸೇರಿದ ನನ್ನ ದೋಣಿ ಮರುದಿನ ಬೆಳಗಿನವರೆಗೆ ಕಟ್ಟಿದಲ್ಲೇ ಇರುವುದರಿಂದ ಅಂಥ ವೇಗ ನನಗೆ ಬೇಕಾಗಿರಲೇ ಇಲ್ಲ ಎಂಬುದು ಹೊಳೆದದ್ದು ಚಾರ್ಜರ್ ಕೆಟ್ಟ ಮೇಲೆ.

ಒಂಬತ್ತನೆಯ ತಿಂಗಳಲ್ಲಿ ಅದು ನಡುವೆಯೇ ನಿಂತು, ತಣಿದ ಮೇಲೆ ಶುರುವಾಗಿ, ಮತ್ತೆ ನಿಲ್ಲತೊಡಗಿತು. ಒಂದು ಬೆಳಗ್ಗೆ ಮೀಟರ್ ಶೇ. 60ರಲ್ಲೇ ಇರುವುದನ್ನು ಕಂಡು, ಸಂಪರ್ಕವನ್ನೆಲ್ಲ ಕಳಚಿ ಮುಚ್ಚಳ ಬಿಚ್ಚಿದೆ. ಫ್ಯಾನಿನ ಅಲಗುಗಳ ಮೇಲೆ ಉಪ್ಪಿನ ಬಿಳಿ ಪದರ ಕೂತಿತ್ತು, ತಾಮ್ರದ ಟರ್ಮಿನಲ್ ಹಸಿರು ಕಿಲುಬು ಹಿಡಿದಿತ್ತು, ಬೆರಳಿನಿಂದ ನೂಕಿದರೂ ಫ್ಯಾನ್ ತಿರುಗಲಿಲ್ಲ. ಒಳಭಾಗವನ್ನು ತಣಿಸಲೆಂದು ಎಳೆದುಕೊಂಡ ಗಾಳಿಯೇ ಉಪ್ಪನ್ನೂ ತೇವವನ್ನೂ ಹೊತ್ತು ತಂದಿತ್ತು. ದೋಣಿಗೆಂದೇ ಮಾರಿದ ಸಾಧನಕ್ಕೆ ‘ತೇವದಿಂದಾದ ಹಾನಿ’ ಎಂದು ವಾರಂಟಿ ನಿರಾಕರಿಸಿದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಎರಡನೆಯದಾಗಿ ತಂದದ್ದು ಪೂರ್ತಿ ಮುಚ್ಚಿದ, ಫ್ಯಾನ್ ಇಲ್ಲದ, ಐಪಿ67 ದರ್ಜೆಯ (ದೂಳೂ ನೀರೂ ಒಳಹೋಗದಂಥ) 25 ಆಂಪಿಯರ್ ಚಾರ್ಜರ್. ಮೊದಲ ತಿಂಗಳು ಇದರ ಮೇಲೂ ಸಿಟ್ಟು ಬಂದಿತ್ತು, ಏಕೆಂದರೆ 100 ಆಂಪಿಯರ್-ಅವರ್ ತುಂಬಲು ಲೆಕ್ಕದ ಪ್ರಕಾರ ನಾಲ್ಕು ಗಂಟೆ ಸಾಕಾಗಬೇಕಿದ್ದರೂ ಏಳು ಗಂಟೆ ಹಿಡಿಯುತ್ತಿತ್ತು. ತಪ್ಪು ನಾನು ಅದನ್ನು ಕೂರಿಸಿದ ರೀತಿಯಲ್ಲಿತ್ತು. ಇಂಥ ಚಾರ್ಜರ್‌ಗೆ ತಣಿಯಲು ಮೈಮೇಲಿನ ಲೋಹದ ಏಣುಗಳೇ ಗತಿ. ನಾನದನ್ನು ಪ್ಲೈವುಡ್ ಮೇಲೆ ಅಡ್ಡಲಾಗಿ ಬಿಗಿದಿದ್ದರಿಂದ ಕಾವು ಹೋಗಲು ದಾರಿಯಿಲ್ಲದೆ ಅದು ತಾನಾಗಿ ಕರೆಂಟ್ ತಗ್ಗಿಸಿಕೊಳ್ಳುತ್ತಿತ್ತು. ದಪ್ಪ ಅಲ್ಯೂಮಿನಿಯಂ ತಟ್ಟೆಗೆ ಜೋಡಿಸಿ, ಏಣುಗಳು ಮೇಲಿಂದ ಕೆಳಕ್ಕೆ ಬರುವಂತೆ ನಿಲ್ಲಿಸಿ, ಸುತ್ತ ಒಂದು ಗೇಣು ಜಾಗ ಬಿಟ್ಟ ಮೇಲೆ ಚಾರ್ಜಿಂಗ್ ನಾಲ್ಕೂವರೆ ಗಂಟೆಗೆ ಇಳಿಯಿತು. ಅಂದಿನಿಂದ ಈ ಪೆಟ್ಟಿಗೆಯ ಮೇಲೆ ನನಗೆ ನಿಜವಾದ ಪ್ರೀತಿ.

ಸಂಜೆಯ ಕೆಲಸಕ್ಕೆ ಈಗ ಒಂದು ಕ್ರಮವಿದೆ. ಕೇಬಲ್ಲನ್ನು ಮೊದಲು ದೋಣಿಗೆ, ಆಮೇಲೆ ದಡದ ಸಾಕೆಟ್ಟಿಗೆ ಸಿಕ್ಕಿಸುತ್ತೇನೆ. ಬೆಳಗ್ಗೆ ಬಿಚ್ಚುವಾಗ ದಡದ ತುದಿಯೇ ಮೊದಲು, ಕರೆಂಟ್ ಇರುವ ತುದಿಯೊಂದು ಕೈಯಲ್ಲಿ ಉಳಿಯಬಾರದು. ನೀರು ಜಾರಿ ಪ್ಲಗ್ಗಿಗೆ ಹೋಗದಂತೆ ಕೇಬಲ್ ಕೆಳಕ್ಕೆ ಬಳುಕಿರುವುದನ್ನು ನೋಡಿಕೊಳ್ಳುತ್ತೇನೆ. ಅರ್ಧ ಗಂಟೆ ಕಳೆದ ಮೇಲೆ ಪ್ಲಗ್ಗಿನ ಮೇಲೆ ಅಂಗೈ ಇಟ್ಟು, ಅದು ಬೆಚ್ಚಗಿದೆಯೋ ಸುಡುತ್ತಿದೆಯೋ ಎಂದು ಪರೀಕ್ಷಿಸುತ್ತೇನೆ. ಸದ್ದಿಲ್ಲದ ಕ್ಯಾಬಿನ್ನಿನಲ್ಲಿ ದೋಣಿಯ ಮೈಗೆ ನೀರು ತಾಗುವ ಶಬ್ದ ಕೇಳುತ್ತದೆ. ಹಿಂದೆ ಫ್ಯಾನ್ ಅದನ್ನು ಮುಚ್ಚಿಹಾಕುತ್ತಿತ್ತು.

ವೋಲ್ಟೇಜನ್ನು ನಮಗೆ ಬೇಕಾದಂತೆ ಹೊಂದಿಸಲು ಬಿಡದ ಚಾರ್ಜರ್ ಕೊಳ್ಳಬೇಡಿ. ನನ್ನ 16 ಸೆಲ್‌ಗಳ ಬ್ಯಾಟರಿಯನ್ನು 58.4 ವೋಲ್ಟ್‌ವರೆಗೆ ಏರಿಸಬಹುದಾದರೂ ನಾನು 56.8ಕ್ಕೇ ನಿಲ್ಲಿಸುತ್ತೇನೆ. ಲೆಡ್-ಆಸಿಡ್ ಬ್ಯಾಟರಿಗೆಂದು ಇರುವ, ಬೇಕೆಂದೇ ವೋಲ್ಟೇಜ್ ಏರಿಸಿ ಚಾರ್ಜ್ ಮಾಡುವ ಈಕ್ವಲೈಸೇಶನ್ ವಿಧಾನ ಲಿಥಿಯಂಗೆ ಎಂದೂ ಆನ್ ಆಗಕೂಡದು. ದಡದ ಅರ್ಥಿಂಗ್ ತಂತಿ ನೀರಿನಲ್ಲಿರುವ ನಮ್ಮ ಲೋಹದ ಭಾಗಗಳನ್ನು ಪಕ್ಕದ ದೋಣಿಗಳ ಲೋಹದೊಂದಿಗೆ ಬೆಸೆದು, ಪ್ರೊಪೆಲ್ಲರ್ ಸವೆಯಲು ಕಾರಣವಾಗಬಹುದು. ಅದಕ್ಕೆ ಆ ತಂತಿಯಲ್ಲಿ ಸವೆತ ತರುವ ಸಣ್ಣ ಕರೆಂಟನ್ನು ತಡೆಯುವ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಬೇಕೇ ಹೊರತು ಅರ್ಥಿಂಗ್ ಕತ್ತರಿಸಬಾರದು.

ಮಧ್ಯಾಹ್ನ ದಡಕ್ಕೆ ಬಂದು ಸಂಜೆ ಮತ್ತೆ ಹೊರಡುವವರಿಗೆ 25 ಆಂಪಿಯರ್ ಸಾಲದು. ಅವರು ಒಂದೇ ದೊಡ್ಡದರ ಬದಲು ಇಂಥ ಎರಡನ್ನು ಸಮಾನಾಂತರವಾಗಿ ಜೋಡಿಸಿಕೊಳ್ಳಲಿ. ಒಂದು ಕೈಕೊಟ್ಟರೂ ಇನ್ನೊಂದು ನಿಧಾನವಾಗಿಯಾದರೂ ಬ್ಯಾಟರಿ ತುಂಬುತ್ತದೆ. ನನ್ನ ಬಜೆಟ್ ಸದ್ಯ ಒಂದಕ್ಕಷ್ಟೇ ಒಗ್ಗಿದೆ, ಆದರೆ ಅಲ್ಯೂಮಿನಿಯಂ ತಟ್ಟೆಯಲ್ಲಿ ಎರಡನೆಯದಕ್ಕೂ ರಂಧ್ರ ಕೊರೆದಿಟ್ಟಿದ್ದೇನೆ.